ಹೊಳೆದಡದ ಕಾಮಗಾರಿ: ವೃಷಭಾವತಿ ಅಂಚಿನ ರೈತರು ಬುಡ ನೋಡಿ ಒಪ್ಪಬೇಕು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಸುರಿದ ಮಳೆ ಕಾಂಕ್ರೀಟ್ ರಾಜಕಾಲುವೆಗಳ ಮೂಲಕ ಸ್ವಲ್ಪ ಹೊತ್ತಿನಲ್ಲೇ ವೃಷಭಾವತಿಗೆ ಬಂದು ಬೀಳುತ್ತದೆ. ಊರೊಳಗೆ ಇಂಗಲು ಜಾಗವಿಲ್ಲ, ತಡೆದು ನಿಲ್ಲಿಸಲು ಪೊದೆಯೂ ಇಲ್ಲ. ಆ ರಭಸವನ್ನೆಲ್ಲ ತಾಳಿಕೊಳ್ಳಬೇಕಾದದ್ದು ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿ ಬಳಿಯ ಬೈರಮಂಗಲ ಕೆರೆಯವರೆಗಿನ ಮಣ್ಣಿನ ದಡ. ಆ ದಡಕ್ಕೆ ಅಂಟಿಕೊಂಡೇ ನಿಮ್ಮ ತೆಂಗು, ಮೇವಿನ ಹುಲ್ಲು, ಹಿಪ್ಪುನೇರಳೆ ಇವೆ.

ದಡ ಕುಸಿದ ಮೇಲೆ ರೈತರು ಕೇಳುವುದು ಒಂದೇ: ಸರ್ಕಾರ ಗೋಡೆ ಕಟ್ಟಿಸಲಿ. ಬೇಡಿಕೆ ನ್ಯಾಯವಾದದ್ದೇ. ಆದರೆ ಎಂಥ ಗೋಡೆ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಆಳದ ಅಡಿಪಾಯದ ಮೇಲೆ ಎಂಬುದನ್ನು ಟೆಂಡರ್‌ಗೆ ಮೊದಲೇ ಕೇಳದಿದ್ದರೆ ಕಟ್ಟಿದ್ದು ಎರಡು ಮಳೆಗಾಲಕ್ಕೆ ಹೊಳೆಪಾಲಾಗುತ್ತದೆ.

ದೊಡ್ಡ ಮಳೆ ನಿಂತ ಮಾರನೆಯ ದಿನ ಹೊಳೆಯಂಚಿಗೆ ಹೋಗಿ ನೋಡಿ. ಮೇಲೆ ಹುಲ್ಲು ಹಸಿರಾಗಿಯೇ ಇರುತ್ತದೆ. ಅಂಚಿನಿಂದ ಒಂದೆರಡು ಅಡಿ ಒಳಗೆ ಹೊಳೆಯ ಉದ್ದಕ್ಕೇ ಸಣ್ಣ ಬಿರುಕು ಕಾಣುತ್ತದೆ. ಎದುರು ದಡದಿಂದ ನೋಡಿದರೆ ಕೆಳಗೆ ಬುಡದ ಮಣ್ಣು ತೊಳೆದುಹೋಗಿ ಪೊಟರೆಯಾಗಿರುತ್ತದೆ, ಬೇರುಗಳು ಗಾಳಿಯಲ್ಲಿ ಜೋತಾಡುತ್ತಿರುತ್ತವೆ. ನೀರು ಇಳಿದಾಗ ತೊಯ್ದು ಭಾರವಾದ ಮಣ್ಣಿಗೆ ಎದುರಿನ ಆಸರೆ ತಪ್ಪುತ್ತದೆ. ಆದ್ದರಿಂದಲೇ ಪ್ರವಾಹ ಇರುವಾಗ ನಿಂತ ದಡ ಪ್ರವಾಹ ಇಳಿದ ಮೇಲೆ ಬೀಳುತ್ತದೆ. ಬಿರುಕು ಕಂಡ ಜಾಗದಲ್ಲಿ ದನ ಕಟ್ಟಬೇಡಿ, ಟ್ರ್ಯಾಕ್ಟರ್ ಓಡಿಸಬೇಡಿ.

ಹಾಗಾಗಿ ಅಂದಾಜು ಪಟ್ಟಿ ಕೈಗೆ ಬಂದಾಗ ಮೊದಲು ಬುಡದ ಕೆಲಸ ಇದೆಯೇ ನೋಡಿ. ಗೋಡೆಯ ಪಾಯ ಹೊಳೆಯ ಈಗಿನ ತಳಕ್ಕಿಂತ ಎಷ್ಟು ಕೆಳಗೆ ಹೋಗುತ್ತದೆ? ಮುಂದೆ ದಪ್ಪ ಕಲ್ಲುಗಳ ಹಾಸು ಇದೆಯೇ? ಕಲ್ಲಿನ ಹಿಂದೆ ಜಲ್ಲಿ-ಮರಳಿನ ಪದರ ಅಥವಾ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಲ್ಲದಿದ್ದರೆ ಸಂದುಗಳಿಂದ ಮಣ್ಣು ಸೋರಿ ಕಲ್ಲುಹಾಸು ಕುಸಿಯುತ್ತದೆ. ಕಾಂಕ್ರೀಟ್ ಗೋಡೆಯಾದರೆ ಹಿಂದಿನ ನೀರು ಹೊರಬರಲು ತೂತುಗಳು ಇರಲೇಬೇಕು. ಗೋಡೆ ಮುಗಿಯುವ ಜಾಗವನ್ನಂತೂ ವಿಶೇಷವಾಗಿ ವಿಚಾರಿಸಿ. ತುದಿಯನ್ನು ದಡದೊಳಕ್ಕೆ ತಿರುಗಿಸಿ ಕಟ್ಟದಿದ್ದರೆ ನೀರು ಗೋಡೆಯ ಬೆನ್ನಿಗೇ ನುಗ್ಗುತ್ತದೆ, ಇಲ್ಲವೇ ಪಕ್ಕದವರ ಹೊಲವನ್ನು ಕಡಿಯುತ್ತದೆ. ಒಬ್ಬರ ಜಮೀನಿನ ಮುಂದಷ್ಟೇ ಕಟ್ಟಿಸಿಕೊಳ್ಳುವ ಪ್ರಯತ್ನ ಬೇಡ. ಆ ತಿರುವಿನ ಎರಡೂ ದಡದವರು ಕೂಡಿ ಒಂದೇ ಅರ್ಜಿ ಕೊಡಿ.

ಅರ್ಜಿಗೂ ಮೊದಲು ಹದ್ದುಬಸ್ತು ಮಾಡಿಸಿಕೊಳ್ಳಿ. ಹೊಳೆ ದಿಕ್ಕು ಬದಲಿಸಿದ ಕಡೆ ಪಹಣಿಯ ವಿಸ್ತೀರ್ಣಕ್ಕೂ ನೆಲದ ಮೇಲಿನದಕ್ಕೂ ಹೊಂದಿಕೆ ಇರುವುದಿಲ್ಲ. ಹಳ್ಳಕ್ಕೆ ಸೇರಿದ ಬಿ ಖರಾಬು ಎಲ್ಲಿ, ನಿಮ್ಮ ಹಿಡುವಳಿ ಎಲ್ಲಿ ಎಂದು ಸರ್ವೆಯರ್ ಗುರುತು ಹಾಕಿದ್ದರೆ ಕಾಮಗಾರಿ ನಡುವೆ ತಂಟೆ ಏಳುವುದಿಲ್ಲ.

ಸರ್ಕಾರಿ ಕಾಮಗಾರಿಯ ಟೆಂಡರ್‌ಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ ನಡೆಯುತ್ತವೆ. ಪ್ರಕಟಣೆಗಳು ರಾಜ್ಯದ ಸಂಗ್ರಹಣೆ ಪೋರ್ಟಲ್‌ನಲ್ಲಿ ಬರುತ್ತವೆ. ಅವನ್ನು ಹುಡುಕಿ ಓದುವ ಕೆಲಸವನ್ನು ಊರಿನ ಓದಿದ ಹುಡುಗ ಹುಡುಗಿಯರಿಗೆ ಒಪ್ಪಿಸಿ. ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿಯ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಅದೇ ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕೂ ನಿಮ್ಮದು. ಅಂದಾಜು ಪಟ್ಟಿಯ ಜೊತೆ ಅಳತೆ ಪುಸ್ತಕದ ಪ್ರತಿಯನ್ನೂ ಕೇಳಿ. ಪಾಯ ಮುಚ್ಚುವ ಮುನ್ನ ಅದರ ಆಳವನ್ನು ಟೇಪು ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ಮಣ್ಣು ಮುಚ್ಚಿದ ಮೇಲೆ ಯಾರ ಮಾತಿಗೂ ಸಾಕ್ಷಿ ಇರುವುದಿಲ್ಲ.

ಗೋಡೆಯೊಂದೇ ಪರಿಹಾರವಲ್ಲ. ದೊಡ್ಡ ತಿರುವುಗಳಲ್ಲಿ ಬುಡಕ್ಕೆ ಕಲ್ಲು, ಅದರ ಮೇಲಿನ ಇಳಿಜಾರಿಗೆ ಗಿಡ ಎಂಬ ಜೋಡಿ ವಿಧಾನ ಒಳ್ಳೆಯದು. ಸಣ್ಣ ಹಳ್ಳ, ಹೊಲದ ನೀರು ಹೊಳೆಗಿಳಿಯುವ ಕೊರಕಲುಗಳಿಗೆ ಲಾವಂಚವೇ ಸಾಕಾಗಬಹುದು. ಗುಂಡ್ಲುಪೇಟೆ ಸೀಮೆಯ ರೈತರು ಎಷ್ಟೋ ತಲೆಮಾರಿನಿಂದ ಹೊಲದ ಎಲ್ಲೆಗೆ ಲಾವಂಚದ ಸಾಲು ಬೆಳೆಸಿಕೊಂಡು ಬಂದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ತಜ್ಞರು ಈ ಹುಲ್ಲನ್ನು ಲೋಕಕ್ಕೆಲ್ಲ ಪರಿಚಯಿಸಲು ಹೊರಟಾಗ ಅಲ್ಲಿನ ಬದುಗಳೂ ಅವರ ಕಣ್ಣಿಗೆ ಬಿದ್ದಿದ್ದವು. ಇದರ ಬೇರು ಅಡ್ಡ ಹಬ್ಬದೆ ನೇರ ಕೆಳಗೆ 3 ಮೀಟರಿನಷ್ಟು ಇಳಿಯಬಲ್ಲದು. ಕೊಳಚೆ ನೀರನ್ನೂ ತಾಳಿಕೊಳ್ಳುತ್ತದೆ, ವೃಷಭಾವತಿಯ ದಡಕ್ಕೆ ಇದು ಮುಖ್ಯ.

ನೆಟ್ಟಗೆ ನಿಂತ ದಡದಲ್ಲಿ ಗಿಡ ಹಿಡಿಯುವುದಿಲ್ಲ. 1 ಅಡಿ ಎತ್ತರಕ್ಕೆ 2 ಅಡಿ ಅಗಲದಂತೆ ಇಳಿಜಾರು ಮಾಡಬೇಕು. ಇದಕ್ಕೆ ಹೊಲದ ಸ್ವಲ್ಪ ಜಾಗ ಬಿಡಬೇಕಾಗುತ್ತದೆ, ಮನಸ್ಸು ಒಪ್ಪುವುದು ಕಷ್ಟ. ಬಿಡದಿದ್ದರೆ ಅದಕ್ಕಿಂತ ಹೆಚ್ಚಿನ ಜಾಗವನ್ನು ಹೊಳೆಯೇ ಕೇಳದೆ ತೆಗೆದುಕೊಳ್ಳುತ್ತದೆ. ಹಳೆಯ ಬುಡ ಸೀಳಿ ಎರಡು ಮೂರು ಕಂದಿನ ತುಂಡು ಮಾಡಿ, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, 10ರಿಂದ 15 ಸೆಂ.ಮೀ. ಅಂತರದಲ್ಲಿ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ನೆಡಿ. 100 ಮೀಟರ್ ಸಾಲಿಗೆ ಇಂಥ 700ರಿಂದ 1000 ತುಂಡು ಬೇಕು. ಎತ್ತರದಲ್ಲಿ ಮೀಟರಿಗೊಂದು ಸಾಲು. ನಡುವೆ ಒಂದೂ ಕಿಂಡಿ ಉಳಿಯಬಾರದು, ನೀರು ಅದನ್ನೇ ಹುಡುಕಿ ಕೊರೆಯುತ್ತದೆ. ಮೇಲಂಚಿನಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ, ಲಕ್ಕಿ ಹಾಕಿ. ಹೊಳೆನೀರಲ್ಲಿ ಇಳಿಯುವವರು ಗಂಬೂಟು, ಕೈಗವಸು ಹಾಕಿಕೊಳ್ಳಲೇಬೇಕು. ಕಟ್ಟಡದ ಮುರುಕು ತಂದು ದಡಕ್ಕೆ ಸುರಿಯುವವರನ್ನು ಕರೆಯಬೇಡಿ, ಅದು ದಡಕ್ಕೆ ಭಾರವೇ ಹೊರತು ಬಲವಲ್ಲ. ಸಸಿ ಮತ್ತು ಸಲಹೆಗೆ ಬೆಂಗಳೂರು ಅಲ್ಲಾಳಸಂದ್ರದ ಸಿಮ್ಯಾಪ್ (ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆ) ಕೇಂದ್ರವನ್ನೂ ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನೂ ವಿಚಾರಿಸಿ.

ಗುತ್ತಿಗೆ ಕೆಲಸದಲ್ಲಿ ಗಿಡ ಸಾಯಲು ದೊಡ್ಡ ಕಾರಣ ಕಾಲ. ಹಣಕಾಸು ವರ್ಷ ಮುಗಿಯುತ್ತದೆಂದು ಮಾರ್ಚ್ ಕೊನೆಯಲ್ಲಿ ನೆಟ್ಟು ಬಿಲ್ ಮಾಡಿದರೆ ಏಪ್ರಿಲ್ ಬಿಸಿಲಿಗೆ ಅದು ಒಣಗುತ್ತದೆ. ಕಲ್ಲಿನ ಕೆಲಸ ಬೇಸಿಗೆಯಲ್ಲಿ ಮುಗಿಯಬೇಕು, ನೆಡುವುದು ಜೂನ್ ಮೊದಲ ಹದಕ್ಕೆ. ಆಗ ಸೆಪ್ಟೆಂಬರ್-ಅಕ್ಟೋಬರ್‌ನ ದೊಡ್ಡ ಮಳೆಗೆ ಮುಂಚೆ ಬೇರಿಗೆ ಮೂರು ತಿಂಗಳು ಸಿಗುತ್ತದೆ. ಟೆಂಡರಿನಲ್ಲಿ ಇವೆರಡನ್ನೂ ಬೇರೆ ಬೇರೆ ಹಂತವಾಗಿ ಬರೆಯಿಸಿ, ಎರಡು ವರ್ಷದ ಪೋಷಣೆ ಮತ್ತು ಸತ್ತ ಗಿಡಗಳ ಬದಲಿ ನಾಟಿ ಗುತ್ತಿಗೆದಾರರ ಹೊಣೆಯಾಗಲಿ ಎಂದು ಲಿಖಿತವಾಗಿ ಕೇಳಿ.

ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂದು ಒಂದು ಕಲಮು ಇರುತ್ತದೆ. ಆ ಅವಧಿಯೊಳಗೆ ಕಂಡ ಬಿರುಕು, ಕುಸಿತಗಳನ್ನು ಗುತ್ತಿಗೆದಾರರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಅದು ಮುಗಿಯುವ ತಾರೀಖನ್ನು ಬರೆದಿಟ್ಟುಕೊಳ್ಳಿ. ಪ್ರತಿ ದೊಡ್ಡ ಮಳೆಯ ನಂತರ ದಡದುದ್ದಕ್ಕೂ ನಡೆದು ನೋಡಿ, ಬಿರುಕಿದ್ದರೆ ಫೋಟೋ ಸಮೇತ ಕಾರ್ಯಪಾಲಕ ಇಂಜಿನಿಯರ್‌ಗೆ ಅರ್ಜಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಭದ್ರತಾ ಠೇವಣಿ ವಾಪಸಾಗುವ ಮೊದಲೇ ಆ ಅರ್ಜಿ ಕಡತ ಸೇರಿರಬೇಕು.