ಕಣದಿಂದ ಕಂಪ್ಯೂಟರಿಗೆ: ಸಿಎಫ್‌ಡಿ ಕಲಿಯುವವರಿಗೆ ಆರು ಸೂತ್ರ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಇಂಜಿನಿಯರಿಂಗ್ ಓದಲು ಬೆಳಗಾವಿ, ಹುಬ್ಬಳ್ಳಿ ಬಸ್ ಹತ್ತುವ ಹುಡುಗ ಹುಡುಗಿಯರಿಗೆ ಇದು. ನೀರು, ಗಾಳಿ ಹರಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿದ್ಯೆಯೇ ಸಿಎಫ್‌ಡಿ.

1. ಮೊದಲು ಕಣದಲ್ಲಿ ನಿಂತು ನೋಡಿ. ಜೋಳ ತೂರುವಾಗ ಕಾಳು ಕಾಲಬುಡಕ್ಕೆ ಬೀಳುತ್ತದೆ, ಹೊಟ್ಟು ಗಾಳಿಗುಂಟ ಹೋಗುತ್ತದೆ. ಗಾಳಿ ತಳ್ಳುವುದು ಎರಡನ್ನೂ. ಹೊಟ್ಟಿನ ತೂಕಕ್ಕೆ ಆ ತಳ್ಳು ದೊಡ್ಡದು, ಅಷ್ಟೇ. ಸಕ್ಕರೆ ಕಾರ್ಖಾನೆಯ ಹೊಗೆಯಿಂದ ಬೂದಿ ಬೇರ್ಪಡಿಸುವ ಲೆಕ್ಕ ಇದರ ತಮ್ಮ. ರಾಶಿ ಮಾಡುವ ಜಾಗವೂ ‘ಕಣ’, ಬೂದಿಯ ಚೂರೂ ‘ಕಣ’. ಕನ್ನಡಕ್ಕೆ ಮೊದಲೇ ಗೊತ್ತಿತ್ತೋ ಏನೋ!

2. ಕೈಲೆಕ್ಕ ಬಿಡಬೇಡಿ. ಮಲಪ್ರಭಾ ಕಾಲುವೆಯಲ್ಲಿ 10 ಸೆಂ.ಮೀ. ದಪ್ಪದ ದುಂಡನೆಯ ಗೂಟವಿದೆ, ನೀರಿನ ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಂದುಕೊಳ್ಳಿ. ಗೂಟದ ಹಿಂದೆ ಎಡಕ್ಕೊಂದು ಬಲಕ್ಕೊಂದು ಸುಳಿ ಕಳಚಿಕೊಳ್ಳುತ್ತ ಹೋಗುತ್ತದೆ. ಸುಳಿ ಕಳಚುವ ಲಯವನ್ನು ಹೇಳುವ ಸ್ಟ್ರೌಹಾಲ್ ಸಂಖ್ಯೆ ಇಲ್ಲಿ ಸುಮಾರು 0.2. ಅದನ್ನು ವೇಗದಿಂದ ಗುಣಿಸಿ, ದಪ್ಪದಿಂದ ಭಾಗಿಸಿ: ಒಂದೊಂದು ಬದಿಗೆ ಸೆಕೆಂಡಿಗೆ ಒಂದು ಸುಳಿ. ನಿಮ್ಮ ಕಂಪ್ಯೂಟರ್ ಹತ್ತು ಅಂದರೆ ಮೆಶ್ (ಹರಿವಿನ ಜಾಗವನ್ನು ತುಂಡರಿಸುವ ಜಾಲರಿ), ಟೈಮ್ ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆಯ ಸಮಯ), ಗಡಿಯಲ್ಲಿ ಕೊಟ್ಟ ವೇಗ ಎಲ್ಲ ಮತ್ತೆ ನೋಡಿ. (ಸುಳಿ ಎಣಿಸಲು ದಂಡೆ ಸಾಕು, ಕಾಲುವೆಗೆ ಇಳಿಯಬೇಡಿ.)

3. ಗಣಿತಕ್ಕೆ ಅಂಜಬೇಡಿ. ನವಿಲುತೀರ್ಥದ ಅಣೆಕಟ್ಟು ಮುಗಿದ ಕಾಲಕ್ಕೇ, 1972ರಲ್ಲಿ, ಸುಹಾಸ್ ಪಾಟಣಕರ್ ಮತ್ತು ಸ್ಪಾಲ್ಡಿಂಗ್ ಹರಿವನ್ನು ಲೆಕ್ಕ ಹಾಕುವ ‘ಸಿಂಪಲ್’ ವಿಧಾನ ಪ್ರಕಟಿಸಿದರು. ಪಾಟಣಕರರ 1980ರ ತೆಳ್ಳನೆಯ ಪುಸ್ತಕ ಈಗಲೂ ಒಳ್ಳೆಯ ಮೇಷ್ಟ್ರು.

4. ಮೊದಲ ಲೆಕ್ಕ ಡಬ್ಬಿಯದಿರಲಿ, ವಿಮಾನದ್ದಲ್ಲ. ಮುಚ್ಚಳ ಜಾರುವ ಚೌಕ ಡಬ್ಬಿಯೊಳಗಿನ ಹರಿವಿಗೆ 1982ರಲ್ಲಿ ಘಿಯಾ, ಘಿಯಾ ಮತ್ತು ಶಿನ್ ಕೊಟ್ಟ ಅಂಕಿಗಳಿವೆ. ನಿಮ್ಮವು ಅವಕ್ಕೆ ತಾಳೆಯಾಗಬೇಕು. ಮೆಶ್ ಇನ್ನಷ್ಟು ಸಣ್ಣ ಮಾಡಿ ಮತ್ತೆ ಓಡಿಸಿ; ಉತ್ತರ ಅಲುಗಾಡಿದರೆ ಕೆಲಸ ಮುಗಿದಿಲ್ಲ. ಕೆಂಪು-ನೀಲಿ ಚಿತ್ರಕ್ಕೆ ಮರುಳಾಗಿ ಇಷ್ಟನ್ನೂ ಮಾಡದೆ ವರದಿಗೆ ಬೈಂಡ್ ಹಾಕಿಸುವವರೇ ಹೆಚ್ಚು.

5. ದುಡ್ಡಿನ ಚಿಂತೆ ಬೇಡ. ಸಿಎಫ್‌ಡಿ ತಂತ್ರಾಂಶ ಓಪನ್‌ಫೋಮ್ ಪುಕ್ಕಟೆ. ಐಐಟಿ ಬಾಂಬೆಯ ಫಾಸ್ಸಿ ಯೋಜನೆಯ ಪಾಠಗಳೂ ಪುಕ್ಕಟೆ. ಎರಡು ಆಯಾಮದ ಲೆಕ್ಕಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕು.

6. ಆಮೇಲೆ ಸವದತ್ತಿ ಗುಡ್ಡದ ಗಾಳಿಯಂತ್ರಕ್ಕೆ ಬನ್ನಿ. ಗುಡ್ಡ ಏರುವ ಗಾಳಿ ನೆತ್ತಿಯಲ್ಲಿ ಬಿರುಸಾಗುತ್ತದೆ, ಎಷ್ಟು ಬಿರುಸು ಅನ್ನುವುದೇ ಪ್ರಶ್ನೆ. ವೇಗ ಎರಡು ಪಟ್ಟಾದರೆ ಗಾಳಿಯ ಶಕ್ತಿ ಎಂಟು ಪಟ್ಟು. ನೀವು ವೇಗವನ್ನು ಶೇ. 5ರಷ್ಟು ಹೆಚ್ಚು ತೋರಿಸಿದಿರೋ, ಶಕ್ತಿಯ ಲೆಕ್ಕ ಶೇ. 16ರಷ್ಟು ಉಬ್ಬಿರುತ್ತದೆ.