ಊರಾಚೆ ಎರಡು ದಿನ, ಟೀಮಿನ ಜೊತೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಆಫ್‌ಸೈಟ್ ಎಂಬ ಮಾತು ಎದ್ದರೆ ಸಾಕು, ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಜಾಗದ ಚರ್ಚೆ ಶುರು. ಸಕಲೇಶಪುರವೋ ಕಬಿನಿಯೋ, ಹೋಂಸ್ಟೇಯೋ ರೆಸಾರ್ಟೋ, ಸ್ವಿಮ್ಮಿಂಗ್ ಪೂಲ್ ಇದೆಯೋ ಇಲ್ಲವೋ. ಟಿಟಿ (ಟೆಂಪೊ ಟ್ರಾವೆಲರ್) ಬುಕ್ ಆಗಿ, ಅಡ್ವಾನ್ಸ್ ಹೋದ ಮೇಲೂ, ಅಲ್ಲಿಗೆ ಹೋಗುತ್ತಿರುವುದು ಯಾಕೆ ಎಂದು ಕೇಳಿದವರು ಇರುವುದಿಲ್ಲ. ಟೀಮುಗಳಿಗೆ ಇಂಥ ಪ್ರವಾಸ ಹೊಂದಿಸುವ ಕೆಲಸ ವರ್ಷಗಳಿಂದ ನನ್ನ ಪಾಲಿಗಿದೆ. ಆ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಸಿಗುವವರೆಗೆ ಯಾವ ರೆಸಾರ್ಟಿಗೂ ಫೋನ್ ಮಾಡುವುದಿಲ್ಲ.

ಸಾಫ್ಟ್‌ವೇರ್ ಲೋಕದ ಅತಿ ಪ್ರಸಿದ್ಧ ಆಫ್‌ಸೈಟೂ ಜಾಗದ ಜಗ್ಗಾಟದಿಂದಲೇ ಶುರುವಾಗಿತ್ತು. 2001ರ ಫೆಬ್ರುವರಿ 11ರಿಂದ 13ರವರೆಗೆ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮಬೆಟ್ಟದ ರೆಸಾರ್ಟಿನಲ್ಲಿ 17 ಮಂದಿ ಸೇರಿದರು. ಚಳಿಗಾಲದಲ್ಲಿ ಷಿಕಾಗೊ ಬೇಡ, ಕೆರಿಬಿಯನ್ ದ್ವೀಪ ಆಂಗ್ವಿಲಾಗೆ ಹೋಗಿ ಸೇರುವುದೇ ಒಂದು ಕೆಲಸ ಎಂದೆಲ್ಲ ಇಮೇಲ್‌ಗಳು ಓಡಾಡಿದ ಮೇಲೆ ಸ್ನೋಬರ್ಡ್ ಗೆದ್ದಿತ್ತು. ಕೆಂಟ್ ಬೆಕ್, ಮಾರ್ಟಿನ್ ಫೌಲರ್, ವಾರ್ಡ್ ಕನಿಂಗ್‌ಹ್ಯಾಮ್ ಮುಂತಾದ ಈ ಮಂದಿ ಒಂದೇ ಕಂಪನಿಯವರಲ್ಲ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್, ಸ್ಕ್ರಮ್ ಎಂದು ಸಾಫ್ಟ್‌ವೇರ್ ಕಟ್ಟುವ ತಮ್ಮ ತಮ್ಮ ಪದ್ಧತಿಗಳನ್ನು ಪ್ರತಿಪಾದಿಸುತ್ತಿದ್ದವರು. ಸ್ಕೀ ಆಡಿದರು, ಒಟ್ಟಿಗೆ ಉಂಡರು, ಮಾತಾಡಿದರು. ಆದರೆ ಅವರ ಮುಂದೆ ಒಂದು ಗಟ್ಟಿ ಪ್ರಶ್ನೆಯಿತ್ತು: ನಾವೆಲ್ಲ ಒಪ್ಪುವ ಸಂಗತಿ ಏನಾದರೂ ಇದೆಯೇ? ಉತ್ತರವಾಗಿ ನಾಲ್ಕು ಮೌಲ್ಯಗಳ ಪುಟ್ಟ ಅಜೈಲ್ ಪ್ರಣಾಳಿಕೆ ಹುಟ್ಟಿತು. ಇವತ್ತು ಬೆಂಗಳೂರಿನಲ್ಲಿ ಬೆಳಗಿನ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ನಿಲ್ಲುವ ಸಾವಿರಾರು ಮಂದಿಗೂ ಆ ಮೂರು ದಿನಗಳಿಗೂ ಸಂಬಂಧವಿದೆ.

ಪ್ರಶ್ನೆ ಹೀಗೆ ಚಿಕ್ಕದಾಗಿ, ಆಫೀಸಿನ ಅರ್ಧ ಗಂಟೆಯ ಮೀಟಿಂಗಿನಲ್ಲಿ ಬಗೆಹರಿಯದಂಥದ್ದಾಗಿ ಇರಬೇಕು. ‘ಟೀಮ್ ಬಾಂಡಿಂಗ್’ ಎಂಬುದು ಪ್ರಶ್ನೆಯಲ್ಲ. ನಾನು ಜೊತೆಗಿದ್ದ ಒಂದು ಟೀಮಿನಲ್ಲಿ ಕೋಡ್ ಬರೆಯುವವರಿಗೂ ಗ್ರಾಹಕರ ದೂರು ಕೇಳುವ ಸಪೋರ್ಟ್‌ನವರಿಗೂ ತಿಂಗಳುಗಟ್ಟಲೆ ಮುಸುಕಿನ ಗುದ್ದಾಟ ನಡೆದಿತ್ತು. ದೂರು ಬಂದರೆ ಅದನ್ನು ಕೊನೆಯವರೆಗೆ ಯಾರು ನೋಡಿಕೊಳ್ಳಬೇಕು? ಅವರು ಸಕಲೇಶಪುರದ ಹೋಂಸ್ಟೇಗೆ ಹೊತ್ತುಕೊಂಡು ಹೋದದ್ದು ಈ ಒಂದೇ ಪ್ರಶ್ನೆಯನ್ನು.

ಆಮೇಲೆ ಬರುವುದು ದೂರದ ಲೆಕ್ಕ. ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್. ಬೆಳಿಗ್ಗೆ 6ಕ್ಕೆ ಹೊರಟು, ದಾರಿಯಲ್ಲಿ ತಿಂಡಿ ಮುಗಿಸಿ, ಹಾಸನ ದಾಟಿ ಕಾಫಿ ತೋಟ ಸೇರುವಾಗ ಊಟದ ಹೊತ್ತು ಹತ್ತಿರವಾಗಿರುತ್ತದೆ. ಒಂದೇ ರಾತ್ರಿ ಉಳಿಯುವವರಿಗೆ ಎರಡು ದಿನದ ತಿರುಳೆಲ್ಲ ರಸ್ತೆಯ ಪಾಲು. ಅಂಥವರಿಗೆ 60 ಕಿಲೋಮೀಟರಿನ ನಂದಿಬೆಟ್ಟದ ಸುತ್ತಲಿನ ಜಾಗ, ತುಮಕೂರಿನ ಕಡೆಯ ದೇವರಾಯನದುರ್ಗ, ಹೆಚ್ಚೆಂದರೆ ಕಾವೇರಿ ದಂಡೆಯ ಭೀಮೇಶ್ವರಿ ಸಾಕು. ಮಲೆನಾಡಿಗೆ ಹೋಗುವುದಾದರೆ ಎರಡು ರಾತ್ರಿ ಬೇಕೇ ಬೇಕು. ಬಂಡೀಪುರದ ಮೇಲೆ ವಯನಾಡಿಗೆ ಹೊರಡುವವರು ಇನ್ನೊಂದು ನೆನಪಿಡಬೇಕು: 2009ರಿಂದ ಆ ಕಾಡಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಚೆಕ್‌ಪೋಸ್ಟ್‌ಗೆ ತಡವಾಗಿ ತಲುಪಿದ ಟಿಟಿಯನ್ನು ನಿಮ್ಮ ಅಜೆಂಡಾ ನೋಡಿ ಯಾರೂ ಒಳಗೆ ಬಿಡುವುದಿಲ್ಲ.

ಕಾಲವನ್ನೂ ನೋಡಬೇಕು. ಹೂಮಳೆ ಬಿದ್ದ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ, ತೋಟವೆಲ್ಲ ಬಿಳಿ ಹೂವಾಗಿ ಘಮಘಮಿಸುವ ದಿನಗಳು ಸಿಕ್ಕರೆ ಅದೃಷ್ಟ. ನವೆಂಬರಿನಿಂದ ಕಾಫಿ ಕೊಯ್ಲು. ಹೋಂಸ್ಟೇ ನಡೆಸುವ ಮನೆಯವರಿಗೇ ಪುರುಸೊತ್ತು ಇರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಇಂಬಳ, ದಿನಗಟ್ಟಲೆ ಕೈಕೊಡುವ ಕರೆಂಟು. ಮಳೆಗಾಲದ ಮಲೆನಾಡು ಚೆಂದವೇ, ಆದರೆ ಪ್ರೊಜೆಕ್ಟರ್ ನಂಬಿ ಹೋಗುವವರಿಗಲ್ಲ. ಚಾರ್ಟ್ ಪೇಪರ್, ಮಾರ್ಕರ್ ಪೆನ್ನು ಜೊತೆಗಿರಲಿ.

ವಾರದ ಯಾವ ದಿನ ಎಂಬ ವಿಷಯದಲ್ಲಿ ನಾನು ಪಟ್ಟು ಸಡಿಲಿಸುವುದಿಲ್ಲ. ಆಫ್‌ಸೈಟ್ ಆಫೀಸಿನ ಕೆಲಸ, ಅದು ಆಫೀಸಿನ ದಿನಗಳಲ್ಲೇ ನಡೆಯಬೇಕು. ಶನಿವಾರ-ಭಾನುವಾರ ಮನೆಯವರ ಪಾಲಿನದು. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು, ಎರಡು ದಿನದ ಅಡುಗೆಗೆ ವ್ಯವಸ್ಥೆ ಮಾಡಿ, ಎಲ್ಲರನ್ನೂ ಒಪ್ಪಿಸಿ ಬರುವ ಹೆಣ್ಣುಮಗಳ ಮೇಲೆ ರಜೆಯ ದಿನವನ್ನೂ ಕಳೆದುಕೊಳ್ಳುವ ಭಾರ ಹಾಕಬಾರದು. ಮಂಗಳವಾರ-ಬುಧವಾರ ಹೋದರೆ ರೂಮಿನ ಬಾಡಿಗೆಯೂ ಕಡಿಮೆ, ಶುಕ್ರವಾರ ಸಂಜೆ ನೆಲಮಂಗಲದ ಕಡೆಯ ಟ್ರಾಫಿಕ್ಕಿನ ಕಾಟವೂ ಇಲ್ಲ. ರಾತ್ರಿ ಹೊರಗೆ ಉಳಿಯಲಾಗದವರು ಟೀಮಿನಲ್ಲಿ ಒಬ್ಬರೇ ಇದ್ದರೂ, ಹಗಲಿನಲ್ಲೇ ಮುಗಿಯುವ ಜಾಗ ಹುಡುಕಿ ಎನ್ನುತ್ತೇನೆ. ಬಿಟ್ಟುಹೋದವರ ಕುರ್ಚಿ ಖಾಲಿಯಿಟ್ಟು ಒಗ್ಗಟ್ಟಿನ ಮಾತಾಡುವುದು ನನಗೆ ಸರಿಕಾಣುವುದಿಲ್ಲ.

ಕಾನೂನೂ ಇದನ್ನು ಕೆಲಸ ಎಂದೇ ನೋಡುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ, ಕೆಲಸದ ನಿಮಿತ್ತ ಹೋದ ಜಾಗವೂ, ಅಲ್ಲಿಗೆ ಹೋಗಲು ಮಾಲೀಕರು ಒದಗಿಸಿದ ವಾಹನವೂ ಕೆಲಸದ ಸ್ಥಳವೇ. ಹಾಗಾಗಿ ಹೊರಡುವ ಮುಂಚೆಯೇ ಯಾರ ರೂಮು ಯಾವುದು, ಚಿಲಕ ಸರಿಯಿದೆಯೇ, ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಎಲ್ಲರಿಗೂ ತಿಳಿದಿರಬೇಕು. ಕ್ಯಾಂಪ್‌ಫೈರ್ ಸುತ್ತ ಕುಡಿಯುವವರಿಗಷ್ಟೇ ಸಂಜೆ ಮೀಸಲಾದರೆ ಅರ್ಧ ಟೀಮು ಎಂಟಕ್ಕೇ ರೂಮು ಸೇರುತ್ತದೆ. ಹಾಗೆಯೇ ಮೈಕ್ ಹಿಡಿದು ಒಬ್ಬೊಬ್ಬರನ್ನೇ ಎಳೆದು ಕುಣಿಸುವ ಆಟಗಳನ್ನು ನಾನು ಪೂರ್ತಿ ಕೈಬಿಡಿಸಿದ್ದೇನೆ.

ಊಟ ಸಣ್ಣ ವಿಷಯವಲ್ಲ. ಮಲೆನಾಡಿನ ಮನೆಯಲ್ಲಿ ಅಕ್ಕಿರೊಟ್ಟಿ, ಕಡುಬು, ಕೋಳಿ ಸಾರು ಸಿಗುತ್ತದೆಂದು ಎಲ್ಲರೂ ಖುಷಿಪಡುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು, ಹಲಾಲ್ ಮಾತ್ರ ತಿನ್ನುವವರು, ಶ್ರಾವಣದಲ್ಲಿ ಮಾಂಸ ಬಿಟ್ಟವರು, ಚಪಾತಿ ಇಲ್ಲದೆ ಹೊಟ್ಟೆ ತುಂಬದವರು ಸುಮ್ಮನಿರುತ್ತಾರೆ. ಇವರನ್ನು ಮೊದಲೇ ಕೇಳಿ ಬರೆದುಕೊಂಡು, ಎರಡು ದಿನ ಮುಂಚೆ ಹೋಂಸ್ಟೇ ಯಜಮಾನಿಗೆ ಫೋನ್ ಮಾಡಿ, ‘ಅಕ್ಕಾ, ಇಬ್ಬರಿಗೆ ಒಗ್ಗರಣೆ ಬೇರೆ ಮಾಡ್ಬೇಕಾಗುತ್ತೆ’ ಎಂದರೆ ಕೆಲಸ ಮುಗಿಯಿತು. ಮೊದಲ ಊಟಕ್ಕೇ ಬರೀ ಅನ್ನ ಮೊಸರು ಕಲೆಸುತ್ತ ಕೂತವರ ಮನಸ್ಸು ಮಧ್ಯಾಹ್ನದ ಚರ್ಚೆಯಲ್ಲಿ ಇರುವುದಿಲ್ಲ.

ನೆಟ್‌ವರ್ಕ್ ವಿಚಾರವೂ ಅಷ್ಟೆ. ಎಷ್ಟೋ ತೋಟಗಳಲ್ಲಿ ಒಂದೇ ಕಂಪನಿಯ ಸಿಗ್ನಲ್, ಅದೂ ಗೇಟಿನ ಹತ್ತಿರ. ಸರ್ವರ್ ಬಿದ್ದರೆ ನೋಡಿಕೊಳ್ಳುವ ಆನ್‌ಕಾಲ್ ಹೊಣೆಯನ್ನು ಆ ದಿನಗಳ ಮಟ್ಟಿಗೆ ಬೇರೆ ಟೀಮಿಗೆ ಒಪ್ಪಿಸಿಯೇ ಹೊರಡಬೇಕು.

ಇನ್ನು ವೇಳಾಪಟ್ಟಿ. ಅಮೆರಿಕದ ಹ್ಯಾರಿಸನ್ ಓವನ್ 1980ರ ದಶಕದಲ್ಲಿ ದೊಡ್ಡ ಸಮ್ಮೇಳನವೊಂದನ್ನು ಬಹಳ ಶ್ರಮಪಟ್ಟು ಏರ್ಪಡಿಸಿದರು. ಬಂದವರಿಗೆ ಹೆಚ್ಚು ಇಷ್ಟವಾದದ್ದು ಕಾಫಿ ವಿರಾಮ ಎಂಬುದನ್ನು ಗಮನಿಸಿ, ಸೇರಿದವರೇ ಅಲ್ಲಿಯೇ ವಿಷಯಗಳನ್ನು ಗೋಡೆಗೆ ಅಂಟಿಸಿ ಗುಂಪು ಕಟ್ಟಿಕೊಳ್ಳುವ ‘ಓಪನ್ ಸ್ಪೇಸ್’ ಪದ್ಧತಿಯನ್ನು ರೂಪಿಸಿದರು. ಆಫ್‌ಸೈಟಿಗೆ ಇದು ಹೇಳಿ ಮಾಡಿಸಿದ ಪಾಠ. ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಕೂತು ಮಾತಾಡಿದರೆ ಬೇಕಾದಷ್ಟಾಯಿತು. ಉಳಿದ ಹೊತ್ತು ಖಾಲಿ ಬಿಡಬೇಕು. ಪ್ರೆಸೆಂಟೇಶನ್‌ಗಳನ್ನು ಬೆಂಗಳೂರಿನಲ್ಲೇ ಓದಿಸಿ ಕರೆತರಬೇಕು.

ಸಕಲೇಶಪುರದ ಆ ಟೀಮಿನಲ್ಲಿ ಬೆಳಗಿನ ಚರ್ಚೆ ಎಲ್ಲಿಗೂ ಮುಟ್ಟಲಿಲ್ಲ. ಎರಡೂ ಕಡೆಯವರು ತಮ್ಮ ತಮ್ಮ ಅಂಕಿಸಂಖ್ಯೆ ಹಿಡಿದು ಕೂತಿದ್ದರು. ಊಟದ ಮೇಲೆ ಕೆಲವರು ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಸಪೋರ್ಟ್‌ನ ಹುಡುಗಿ ಫೋನ್ ತೆಗೆದು ಗ್ರಾಹಕರೊಬ್ಬರ ದೂರನ್ನು ಗಟ್ಟಿಯಾಗಿ ಓದಿದಳು. ಮಗಳ ಕಾಲೇಜು ಫೀಸಿನ ಹಣ ಖಾತೆಯಿಂದ ಹೋಗಿದೆ, ಕಾಲೇಜಿಗೆ ತಲುಪಿಲ್ಲ, ಇವತ್ತೇ ಕೊನೇ ದಿನ ಎಂದು ಅವರು ಮೂರು ಸಲ ಬರೆದಿದ್ದರು. ಸೀನಿಯರ್ ಎಂಜಿನಿಯರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ನಮಗೆ ಬರೋವಾಗ ಬರೀ ಟಿಕೆಟ್ ನಂಬರ್ ಆಗಿರುತ್ತಲ್ಲ’ ಎಂದ. ‘ಹೌದು ಸರ್, ನಾವೇ ಹಾಗೆ ಕಳಿಸೋದು. ಫಾರ್ಮಿನಲ್ಲಿ ಬೇರೆ ಜಾಗಾನೇ ಇಲ್ಲ’ ಎಂದಳು ಆಕೆ. ಆ ಕಟ್ಟೆಯ ಮೇಲೆ ಕೂತವರೇ ಫಾರ್ಮನ್ನು ಬದಲಾಯಿಸಿ ಬರೆದರು.

ಮರುದಿನ ತಿಂಡಿಯಾದ ಮೇಲೆ, ಬ್ಯಾಗು ಕಟ್ಟುವ ಮುಂಚೆ, ಚಾರ್ಟ್ ಪೇಪರಿನ ಮೇಲೆ ತೀರ್ಮಾನ, ಹೊಣೆ ಹೊತ್ತವರ ಹೆಸರು, ತಾರೀಖು ಮೂರನ್ನೂ ಬರೆಸಿದೆ. ಎಲ್ಲರ ಮೊಬೈಲಿನಲ್ಲಿ ಅದರ ಫೋಟೊ ಇತ್ತು. ಇದನ್ನು ವಾಪಸು ಬರುವ ದಾರಿಗೆ ಬಿಟ್ಟರೆ ಕುಣಿಗಲ್ ಬರುವಷ್ಟರಲ್ಲಿ ಎಲ್ಲರೂ ನಿದ್ದೆ ಹೋಗಿರುತ್ತಾರೆ. ಹೊಸ ಫಾರ್ಮ್ ಮುಂದಿನ ವಾರವೇ ಬಳಕೆಗೆ ಬಂತು. ಕೋಡ್ ಬರೆಯುವವರು ತಿಂಗಳಿಗೆ ಒಂದು ದಿನ ಸಪೋರ್ಟ್‌ನವರ ಪಕ್ಕ ಹೆಡ್‌ಫೋನ್ ಹಾಕಿಕೊಂಡು ಕೂರಬೇಕು ಎಂದೂ ಅಲ್ಲಿ ತೀರ್ಮಾನವಾಗಿತ್ತು. ಆ ಟೀಮಿಗೆ ಹೊಸದಾಗಿ ಸೇರುವವರನ್ನು ಈಗ ಮೊದಲ ವಾರವೇ ಆ ಕುರ್ಚಿಯಲ್ಲಿ ಕೂರಿಸುತ್ತಾರೆ.