ಗೋಕರ್ಣದ ಕಡಲಿಗೆ ಇಳಿಯುವ ಮುನ್ನ

ಗೋಕರ್ಣಕ್ಕೆ ಹೋಗುವವರೇ, ಮಹಾಬಲೇಶ್ವರನ ದರ್ಶನ ಮಾಡಿ, ಕೋಟಿತೀರ್ಥ ನೋಡಿ, ಕುಡ್ಲೆ, ಓಂ ಕಡಲತೀರಗಳಲ್ಲಿ ಮನಸಾರೆ ಅಡ್ಡಾಡಿ. ಆದರೆ ಕೆರೆಯಲ್ಲೋ ಈಜುಕೊಳದಲ್ಲೋ ಕಲಿತ ಈಜನ್ನು ನೆಚ್ಚಿ ಕಡಲಿಗೆ ಧುಮುಕಬೇಡಿ. ಕೆರೆಯದು ನಿಂತ ನೀರು, ಕಡಲಿನದು ಹಾಗಲ್ಲ. ದಡಕ್ಕೆ ನುಗ್ಗಿದ ಅಲೆಗಳ ನೀರು ಹಿಂದಿರುಗುವಾಗ ಕಿರಿದಾದ ಜಾಗದಲ್ಲಿ ಒಟ್ಟುಗೂಡಿ, ಕಡಲಿನತ್ತ ರಭಸದಿಂದ ಹರಿಯುತ್ತದೆ. ಅಂಥಲ್ಲಿ ಅಲೆಗಳು ಒಡೆಯುವುದು ಕಡಿಮೆ. ಹಾಗಾಗಿ ಹೊಸಬರಿಗೆ ಅದೇ ಶಾಂತ ಜಾಗವೆನಿಸುತ್ತದೆ. ಮೋಸ ಹೋಗುವುದು ಅಲ್ಲೇ.

ಮೊಣಕಾಲುದ್ದದ ನೀರಿನಲ್ಲಿ ಏನಾದೀತು ಎನ್ನುತ್ತೀರಾ? ಕಾಲಡಿಯ ಮರಳು ಜಾರಿ, ಮುಂದಿನ ಅಲೆ ಕೆಡವಿದರೆ ಅಷ್ಟು ನೀರೂ ಅಪಾಯವೇ. ಇಷ್ಟು ದೂರ ಬಂದು ನೀರಿಗಿಳಿಯದೆ ಮರಳುವುದೇ ಎಂಬ ಮಾತಿನಲ್ಲಿ ನ್ಯಾಯವಿದೆ. ಇಳಿಯಿರಿ, ಆದರೆ ಹಗಲಿನಲ್ಲಿ, ಜೀವರಕ್ಷಕರಿರುವ ಕಡೆ, ಅವರನ್ನು ಕೇಳಿಯೇ ಇಳಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಪಾಚಿಗಟ್ಟಿದ ಬಂಡೆಯ ತುದಿಯಲ್ಲಿ ಫೋಟೋಗಾಗಿ ನಿಲ್ಲುವುದೂ ಬೇಡ. ಕಡಲಿನತ್ತ ಹರಿಯುವ ಆ ನೀರಿನ ಸೆಳೆತಕ್ಕೆ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಿರಿ. ಸೆಳೆತ ಸಡಿಲವಾದ ಮೇಲೆ ದಡದತ್ತ ತಿರುಗಿ. ಬೇರೆಯವರು ಸಿಕ್ಕಿಬಿದ್ದರೆ ಬರಿಗೈಯಲ್ಲಿ ಹಾರದೆ, ತೇಲುವ ವಸ್ತು ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ. ಊರಿನ ಮೀನುಗಾರರು ಬೇಡವೆಂದರೆ ವಾದಿಸಬೇಡಿ. ಆ ನೀರನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಅವರು.